ಇಂಟರ್‌ನೆಟ್‌ನ ಲೆಕ್ಕ ಇಟ್ಟ ಜಾನ್ ಪೋಸ್ಟೆಲ್

ಕಂಪ್ಯೂಟರ್ ಲೋಕದ ದೊಡ್ಡವರು ಯಾರು ಎಂದು ಕೇಳಿದರೆ ನಮ್ಮ ತರಗತಿಯಲ್ಲಿ ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್ ಹೆಸರು ಬರುತ್ತವೆ. ಜಾನ್ ಪೋಸ್ಟೆಲ್ ಹೆಸರು ಯಾರೂ ಹೇಳುವುದಿಲ್ಲ. ನೆಟ್‌ವರ್ಕ್ ಕೆಲಸದವರಿಗೆ ಮಾತ್ರ ಅದು ಚೆನ್ನಾಗಿ ಗೊತ್ತಿರುವ ಹೆಸರು. ಕಾಮರ್ಸ್ ಓದುವ ನನಗೆ ಅವರು ಇಷ್ಟವಾದದ್ದಕ್ಕೆ ಕಾರಣ ಬೇರೆ. ಅವರು ಕಂಪನಿ ಕಟ್ಟಲಿಲ್ಲ, ಶ್ರೀಮಂತರಾಗಲಿಲ್ಲ. ಆಯುಷ್ಯದ ಬಹುಭಾಗ ಲೆಕ್ಕದ ಪುಸ್ತಕ ಇಟ್ಟರು.

ಅವರು ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1974ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ಓದುತ್ತಿದ್ದಾಗಲೇ ಇಂಟರ್‌ನೆಟ್‌ನ ಪೂರ್ವಜನಾದ ಅರ್ಪಾನೆಟ್ ಕೆಲಸಕ್ಕೆ ಸೇರಿದ್ದರು. 1969ರ ಅಕ್ಟೋಬರ್ 29ರಂದು ಅದೇ ವಿಶ್ವವಿದ್ಯಾಲಯದಿಂದ ಮೊದಲ ಸಂದೇಶ ಹೊರಟಿತು. ಲಾಗಿನ್ ಎಂಬ ಪದದ ಎರಡು ಅಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ನಿಂತುಹೋಯಿತು. ಮೊದಲ ದಿನವೇ ಎರರ್!

ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಮಾತಾಡಬೇಕಾದರೆ ಸಂಖ್ಯೆಗಳು ಬೇಕು, ಒಂದೇ ಸಂಖ್ಯೆ ಇಬ್ಬರಿಗೆ ಹೋಗಬಾರದು. ಯಾವ ಸಂಖ್ಯೆ ಯಾರಿಗೆ ಎಂದು ಬರೆದಿಡುವ ಕೆಲಸವನ್ನು 1972ರ ಹೊತ್ತಿಗೆ ಪೋಸ್ಟೆಲ್ ವಹಿಸಿಕೊಂಡರು. ಮೇಲ್‌ಗೆ 25, ವೆಬ್ ಪುಟಗಳಿಗೆ 80, ಸ್ವಿಚ್‌ಗಳ ಸ್ಥಿತಿ ಕೇಳುವ ಎಸ್‌ಎನ್‌ಎಂಪಿಗೆ 161 – ಇವೆಲ್ಲ ಆ ಪಟ್ಟಿಯಲ್ಲಿ ದಾಖಲಾದ ಸಂಖ್ಯೆಗಳೇ. ದೇಶಗಳ ಹೆಸರಿನ ಪಟ್ಟಿಯೂ ಅವರ ಬಳಿಯೇ ಇತ್ತು. ಯಾವುದು ದೇಶ, ಯಾವುದು ಅಲ್ಲ ಎಂಬ ಜಗಳಕ್ಕೆ ಅವರು ಕೈ ಹಾಕಲಿಲ್ಲ. ಐಎಸ್‌ಒ ಸಂಸ್ಥೆಯ ಪಟ್ಟಿಯನ್ನೇ ಒಪ್ಪಿಕೊಂಡರು. ನಮ್ಮ ಡಾಟ್ ಇನ್ ಅದರಲ್ಲಿ ಸೇರಿದ್ದು 1989ರಲ್ಲಿ. ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಕೆಲವೇ ಸಂಸ್ಥೆಗಳು ಅರ್ನೆಟ್ ಎಂಬ ಜಾಲದಲ್ಲಿ ಜೋಡಿಸಿಕೊಂಡಿದ್ದ ಕಾಲವದು. ಪಿಯುಸಿ ಫಲಿತಾಂಶ ನೋಡುವ ತಾಣದ ಕೊನೆಯಲ್ಲಿ ನಾವು ಟೈಪ್ ಮಾಡುವುದೂ ಅದನ್ನೇ.

ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಆದರೆ ಅಬ್ಬಾ ಅಂಗಡಿಯ ಉದ್ರಿ ಪುಸ್ತಕವನ್ನು ಕನ್ನಡದಲ್ಲೇ ಬರೆಯುತ್ತಾರೆ, ಗಿರಾಕಿಯೂ ಓದಿ ನೋಡಲಿ ಎಂದು. ಇಬ್ಬರಿಗೂ ಓದಲು ಬರುವ ಬರಹ ಬೇಕು. ಪೋಸ್ಟೆಲ್ ಮಾಡಿದ್ದೂ ಇದೇ. ಆರ್‌ಎಫ್‌ಸಿ ಎಂಬ ಟಿಪ್ಪಣಿಗಳಲ್ಲಿ ಜಾಲದ ನಿಯಮಗಳು ಪ್ರಕಟವಾಗುತ್ತವೆ, ಯಾರು ಬೇಕಾದರೂ ಓದಬಹುದು. ಸಾಯುವವರೆಗೂ ಅವುಗಳ ಸಂಪಾದಕರು ಅವರೇ. 1981ರ ಸೆಪ್ಟೆಂಬರಿನಲ್ಲಿ ಬಂದ 791, 792, 793ನೇ ಟಿಪ್ಪಣಿಗಳ ಮೇಲೆ ಇಂದಿನ ಇಂಟರ್‌ನೆಟ್ ನಿಂತಿದೆ. ನಡುವಿನದು ಎರರ್ ತಿಳಿಸುವುದಕ್ಕೆಂದೇ ಇರುವ ನಿಯಮ. ನಾವು ಪಿಂಗ್ ಮಾಡಿದಾಗ ಉತ್ತರ ಬರುವುದು ಅದರಿಂದ.

ಅವರ ಇನ್ನೊಂದು ನಿಯಮ ಇಂಜಿನಿಯರುಗಳಿಗೆ ಬಾಯಿಪಾಠ. ನಾವು ಕಳಿಸುವುದರಲ್ಲಿ ಕಟ್ಟುನಿಟ್ಟಾಗಿರಬೇಕು, ಬೇರೆಯವರಿಂದ ಬರುವುದನ್ನು ಉದಾರವಾಗಿ ಸ್ವೀಕರಿಸಬೇಕು ಎಂಬುದು ಅದರ ಸಾರ.

ಇದರ ಅರ್ಥ ನನಗೆ ತಿಳಿದದ್ದು ನಮ್ಮ ಲ್ಯಾಬಿನಲ್ಲಿ. ಅಲ್ಲಿ ಎಲ್ಲ ಕಂಪ್ಯೂಟರುಗಳ ವೈರು ಬಂದು ಸೇರುವ ಡಬ್ಬಿಗಳಿವೆ, ಅವೇ ಸ್ವಿಚ್. ಒಂದು ತುಂಬಾ ಹಳೆಯದು. ಐದು ನಿಮಿಷಕ್ಕೊಮ್ಮೆ ಪ್ರತಿ ಸ್ವಿಚ್ಚನ್ನೂ ವಿಚಾರಿಸುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಸರ್ ಹಾಕಿದ್ದರು. ಹಳೆಯದರ ಸರದಿ ಬಂದಾಗ ಅದು ಎರರ್ ತೋರಿಸಿ ನಿಲ್ಲುತ್ತಿತ್ತು. ಸ್ವಿಚ್ ಕೆಟ್ಟಿದೆ, ಗುಜರಿಗೆ ಹಾಕೋಣ ಎಂಬ ಮಾತು ಬಂತು. ಸ್ಕಾಲರ್‌ಶಿಪ್ ಅರ್ಜಿ ತುಂಬುವ ವಾರ ಅದು, ಹತ್ತು ಕಂಪ್ಯೂಟರ್ ಅದಕ್ಕೇ ಜೋಡಿಸಿದ್ದವು. ಆ ಕಂಪ್ಯೂಟರುಗಳಲ್ಲಿ ಮಾತ್ರ ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತಿತ್ತು!

ಸರ್ ಕೂತು ನೋಡಿದರು, ನಾವು ಮೂವರು ಹಿಂದೆ ನಿಂತಿದ್ದೆವು. ಸ್ಕ್ರಿಪ್ಟ್ ಎಸ್‌ಎನ್‌ಎಂಪಿಯ ಎರಡನೇ ಆವೃತ್ತಿಯಲ್ಲಿ ಕೇಳುತ್ತಿತ್ತು, ಹಳೆಯ ಸ್ವಿಚ್ಚಿಗೆ ಮೊದಲನೆಯದು ಮಾತ್ರ ಗೊತ್ತು. ಉತ್ತರ ಬರುತ್ತಿರಲಿಲ್ಲ. ಆ ಖಾಲಿ ಜಾಗವನ್ನೇ ಸಂಖ್ಯೆ ಎಂದುಕೊಂಡು ಕಳೆಯಲು ಹೋಗಿ ಸ್ಕ್ರಿಪ್ಟ್ ಮುಗ್ಗರಿಸುತ್ತಿತ್ತು. ಆವೃತ್ತಿ ಬದಲಿಸಿದ ಮೇಲೆ ಉತ್ತರ ಬಂತು, ಆದರೆ ಆಗಾಗ ಮೈನಸ್ ಲೆಕ್ಕ. ಹಳೆಯ ಸ್ವಿಚ್ಚಿನ ಎಣಿಕೆ 32 ಬಿಟ್‌ನದು. 429 ಕೋಟಿ 49 ಲಕ್ಷ 67 ಸಾವಿರದ 295 ಬೈಟ್ ದಾಟಿದರೆ ಮತ್ತೆ ಸೊನ್ನೆಯಿಂದ ಶುರು, ಹಳೆಯ ಸ್ಕೂಟರಿನ ಮೀಟರ್ ಹಾಗೆ. ಈಗಿನ ಎಣಿಕೆಯಲ್ಲಿ ಹಿಂದಿನದನ್ನು ಕಳೆದಾಗ ಮೈನಸ್ ಬಂದರೆ ಒಂದು ಪೂರ್ತಿ ಸುತ್ತನ್ನು ಕೂಡಿಸಬೇಕು. ಕರೆಂಟ್ ಹೋಗಿ ಬಂದರೂ ಎಣಿಕೆ ಸೊನ್ನೆಯಾಗುತ್ತದೆ (ನಮ್ಮೂರಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ), ಆದ್ದರಿಂದ ಎಷ್ಟು ಹೊತ್ತಿನಿಂದ ಚಾಲೂ ಇದ್ದೀಯ ಎಂದೂ ಸ್ವಿಚ್ಚನ್ನು ಕೇಳಬೇಕು. ಆ ಗಡಿಯಾರವೂ 497 ದಿನಕ್ಕೆ ತಿರುಗಿ ಸೊನ್ನೆಗೆ ಬರುತ್ತದಂತೆ. ಉತ್ತರ ಬರದಿದ್ದರೆ ಉತ್ತರವಿಲ್ಲ ಎಂದು ಬರೆದು ಮುಂದಿನ ಸ್ವಿಚ್ಚಿಗೆ ಹೋಗುವ ಹಾಗೆ ಸರ್ ಎರಡು ಸಾಲು ಸೇರಿಸಿದರು. ಸ್ವಿಚ್ ಉಳಿಯಿತು.

ಪೋಸ್ಟೆಲ್ ಅವರ ಉದಾರತೆಯನ್ನು ಒಪ್ಪದವರೂ ಇದ್ದಾರೆ. ತಪ್ಪನ್ನು ಸಹಿಸುತ್ತಾ ಹೋದರೆ ತಪ್ಪೇ ನಿಯಮವಾಗುತ್ತದೆ ಎಂಬುದು ಅವರ ವಾದ. ಆಡಿಟ್ ಪಾಠ ಓದಿದವರಿಗೆ ಇದು ಸರಿ ಎನಿಸುತ್ತದೆ. ಆದರೆ ಖಾಲಿ ಜಾಗವನ್ನು ಸುಮ್ಮನೆ ಸೊನ್ನೆ ಎಂದು ಬರೆಯುವುದು ಒಂದು, ಉತ್ತರವಿಲ್ಲ ಎಂದು ದಾಖಲಿಸಿ ಮುಂದೆ ಹೋಗುವುದು ಇನ್ನೊಂದು. ಎರಡನೆಯದು ಕಟ್ಟುನಿಟ್ಟೂ ಹೌದು, ಉದಾರವೂ ಹೌದು.

1998ರ ಹೊತ್ತಿಗೆ ಇಂಟರ್‌ನೆಟ್ ದೊಡ್ಡ ವ್ಯಾಪಾರವಾಗಿತ್ತು. ಹೆಸರುಗಳ ಮೂಲ ಪಟ್ಟಿ ಅಮೆರಿಕ ಸರ್ಕಾರದ ಗುತ್ತಿಗೆ ಪಡೆದ ಕಂಪನಿಯೊಂದರ ಕೈಯಲ್ಲಿತ್ತು. ಜನವರಿ 28ರಂದು ಪೋಸ್ಟೆಲ್ ಒಂದು ಇಮೇಲ್ ಕಳಿಸಿದರು. ಪಟ್ಟಿಯನ್ನು ಇನ್ನು ತಮ್ಮ ಕಡೆಯ ಯಂತ್ರದಿಂದ ತೆಗೆದುಕೊಳ್ಳಿ ಎಂದು ಎಂಟು ಮೂಲ ಸರ್ವರುಗಳವರಿಗೆ ಕೇಳಿಕೊಂಡರು. ಅವರು ಒಪ್ಪಿದರು, ಪೋಸ್ಟೆಲ್ ಮೇಲಿನ ನಂಬಿಕೆ ಅಂಥದ್ದು. ಜಾಲ ಎಲ್ಲೂ ನಿಲ್ಲಲಿಲ್ಲ. ಸರ್ಕಾರ ಸಿಟ್ಟಾಯಿತು, ಎಲ್ಲವನ್ನೂ ಮೊದಲಿನಂತೆ ಮಾಡಬೇಕಾಯಿತು. ಅದೊಂದು ಪರೀಕ್ಷೆ ಎಂದರು ಪೋಸ್ಟೆಲ್. ಪ್ರತಿಭಟನೆ ಎನ್ನುವವರು ಈಗಲೂ ಇದ್ದಾರೆ, ನನಗೂ ಹಾಗೇ ಅನಿಸುತ್ತದೆ.

ಅದೇ ವರ್ಷ ಅವರ ಕೆಲಸ ಮುಂದುವರಿಸಲು ಐಕಾನ್ ಎಂಬ ಸಂಸ್ಥೆ ಹುಟ್ಟಿತು. ಕೆಲವೇ ದಿನಗಳಲ್ಲಿ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ ಪೋಸ್ಟೆಲ್ ತೀರಿಕೊಂಡರು. 55 ವರ್ಷ. ಅವರು ಓದಿದ ಹೈಸ್ಕೂಲಿನಲ್ಲೇ ಓದಿದ್ದ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಆರ್‌ಎಫ್‌ಸಿ ಸಾಲಿನಲ್ಲೇ ಪ್ರಕಟವಾಯಿತು. ಅದರ ಸಂಖ್ಯೆ 2468.