ಉಗಿಬಂಡಿಯ ಜೀರ್ಣೋದ್ಧಾರಕ: ಟಾಮ್ ರೋಲ್ಟ್

ಹಳೆಯ ದೇಗುಲವೊಂದು ಶಿಥಿಲವಾದಾಗ ಊರಿನವರೆಲ್ಲ ಕೂಡಿ ಅದರ ಜೀರ್ಣೋದ್ಧಾರಕ್ಕೆ ಕೈಹಾಕುವುದು ನಮಗೆ ತಿಳಿದ ಸಂಗತಿಯೇ. ಉಳ್ಳವರು ಹಣ ಕೊಡುತ್ತಾರೆ. ಇಲ್ಲದವರು ಕಲ್ಲು ಹೊರುತ್ತಾರೆ. ಆದರೆ ತುಕ್ಕು ಹಿಡಿದ ಉಗಿಬಂಡಿಗಾಗಿ, ಹುಲ್ಲಿನಲ್ಲಿ ಹೂತುಹೋದ ಏಳು ಮೈಲಿ ಉದ್ದದ ರೈಲುಹಳಿಗಾಗಿ, ಕೂಲಿ ಬಯಸದ ಜನ ಅದೇ ಬಗೆಯ ಶ್ರದ್ಧೆಯಿಂದ ಮೈಮುರಿದು ದುಡಿಯುವರೆಂದು 1950ಕ್ಕೆ ಮೊದಲು ಯಾರಾದರೂ ಹೇಳಿದ್ದರೆ, ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಅದು ಸಾಧ್ಯವೆಂದು ವೇಲ್ಸ್ ನಾಡಿನ ಒಂದು ಕಣಿವೆಯಲ್ಲಿ ತೋರಿಸಿಕೊಟ್ಟವರಲ್ಲಿ ಮೊದಲಿಗರು ಟಾಮ್ ರೋಲ್ಟ್. ಅವರು ಎಂಜಿನಿಯರರೂ ಹೌದು, ಸಾಹಿತಿಯೂ ಹೌದು. ಸುತ್ತಿಗೆ, ಲೇಖನಿ ಎರಡನ್ನೂ ಹಿಡಿದ ಕೈ ಅವರದು.

ಲಯೋನೆಲ್ ಥಾಮಸ್ ಕ್ಯಾಸ್ವಾಲ್ ರೋಲ್ಟ್ ಜನಿಸಿದುದು 1910ನೆಯ ಇಸವಿ ಫೆಬ್ರವರಿ 11ರಂದು, ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ. ತಂದೆ ಊರೂರು ಅಲೆದ ಮನುಷ್ಯ. ಆಸ್ಟ್ರೇಲಿಯದ ದನಸಾಕಣೆಯ ಬೀಡಿನಲ್ಲಿಯೂ ಭಾರತದ ತೋಟವೊಂದರಲ್ಲಿಯೂ ದುಡಿದು, 1898ರಲ್ಲಿ ಯೂಕಾನಿನ ಚಿನ್ನದ ಆಸೆಗೆ ಹೋಗಿ, ಬರಿಗೈಯಲ್ಲಿ ಹಿಂದಿರುಗಿದವರು. ವೇಲ್ಸಿನ ಗಡಿಯಲ್ಲಿ, ಹೇ ಎಂಬ ಊರಿನ ಬಳಿ ನೆಲೆಸಿದ್ದ ಈ ಸಂಸಾರದ ಸಿರಿ ಬಹುಕಾಲ ಉಳಿಯಲಿಲ್ಲ. ಬಂಡವಾಳ ಹೂಡಿದ್ದ ಸಂಸ್ಥೆ 1920ರಲ್ಲಿ ಮುಳುಗಿತು. ಸಂಸಾರ ಗ್ಲಾಸ್ಟರ್‌ಷೈರಿನ ಸ್ಟ್ಯಾನ್ಲಿ ಪಾಂಟ್‌ಲಾರ್ಜ್ ಎಂಬ ಹಳ್ಳಿಯ ಕಲ್ಲುಮನೆಗೆ ಬಂದು ಸೇರಿತು. ಬೆಟ್ಟ, ಹೊಲ, ಹಳೆಯ ಕಲ್ಲುಗೋಡೆಗಳ ನಡುವೆ ಹುಡುಗ ಬೆಳೆದ. ನೆಲದ ಚೆಲುವು ಒಂದು ಕಡೆಗೆ, ಯಂತ್ರದ ಚೆಲುವು ಇನ್ನೊಂದು ಕಡೆಗೆ ಅವನನ್ನು ಸೆಳೆಯುತ್ತಿದ್ದುವು. ಈ ಎರಡು ಒಲವುಗಳ ಜಗಳ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಚೆಲ್ಟನಂ ಕಾಲೇಜಿನ ಓದು ರುಚಿಸಲಿಲ್ಲ. ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು, ಮೊದಲು ಬೇಸಾಯದ ಯಂತ್ರಗಳನ್ನು ದುರಸ್ತಿ ಮಾಡುವ ಸಂಸ್ಥೆಯೊಂದರಲ್ಲಿಯೂ, ಅನಂತರ ಸ್ಟೋಕ್ ನಗರದ ಕೆರ್ ಸ್ಟುವರ್ಟ್ ಎಂಬ ಉಗಿಬಂಡಿಯ ಕಾರ್ಖಾನೆಯಲ್ಲಿಯೂ ಅವರು ಕೆಲಸ ಕಲಿಯಲು ಸೇರಿದರು. ಬಂಧುಗಳಾದ ಕೈರ್ಲ್ ವಿಲ್ಲನ್ಸ್ ಅಲ್ಲಿ ಹಿರಿಯ ಎಂಜಿನಿಯರರಾಗಿದ್ದರು. ಬಾಯ್ಲರಿನ ತಗಡನ್ನು ಬಡಿದು ಕೂಡಿಸುವವನ ಕಿವಿ, ಕೊಂತದ ಕೀಲನ್ನು ಕೂದಲೆಳೆಯಷ್ಟು ಅಳತೆಗೆ ಉಜ್ಜುವವನ ಬೆರಳು, ಇವುಗಳಲ್ಲಿ ಅಡಗಿರುವ ವಿದ್ಯೆ ಯಾವ ಪುಸ್ತಕದಲ್ಲಿಯೂ ದೊರೆಯುವಂಥದಲ್ಲವೆಂಬುದು ಅಲ್ಲಿ ಅವರಿಗೆ ಮನವರಿಕೆಯಾಯಿತು. ಆದರೆ 1930ರಲ್ಲಿ ಕಾರ್ಖಾನೆ ದಿವಾಳಿಯಾಗಿ ಬಾಗಿಲು ಮುಚ್ಚಿತು. ಇಪ್ಪತ್ತರ ತರುಣ ನಿರುದ್ಯೋಗಿಯಾದ. ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ಕುಶಲತೆ ಒಂದೇ ದಿನದಲ್ಲಿ ಬೀದಿಪಾಲಾಗಬಲ್ಲುದೆಂಬುದನ್ನು ಕಣ್ಣಾರೆ ಕಂಡ ಆ ನೋವು ಮುಂದಿನ ಅವರ ಎಲ್ಲ ಬರವಣಿಗೆಗೂ ತಳಹದಿಯಾಯಿತೆನ್ನಬಹುದು.

ಕೆಲಕಾಲ ಹ್ಯಾಂಪ್‌ಷೈರಿನ ಒಂದು ಮೋಟಾರು ಗರಾಜಿನಲ್ಲಿ ಪಾಲುದಾರರಾಗಿ ಹಳೆಯ ಕಾರುಗಳನ್ನು ಸರಿಪಡಿಸುತ್ತ ಕಳೆದರು. 1934ರಲ್ಲಿ ಹುಟ್ಟಿದ ಹಳೆಯ ಕಾರುಗಳ ಅಭಿಮಾನಿಗಳ ಕ್ಲಬ್ಬಿಗೆ ಆ ಗರಾಜೇ ಬೀಡಾಯಿತು. ಆಮೇಲೆ ಬಂಧು ವಿಲ್ಲನ್ಸರಿಂದ ಕ್ರೆಸ್ಸಿ ಎಂಬ ಕಿರಿದಗಲದ ದೋಣಿಯನ್ನು ಕೊಂಡು, 1939ರಲ್ಲಿ ಆಂಜೆಲಾ ಆರೆಡ್ ಎಂಬಾಕೆಯನ್ನು ಮದುವೆಯಾಗಿ, ಆ ದೋಣಿಯನ್ನೇ ಮನೆಯಾಗಿ ಮಾಡಿಕೊಂಡರು. ರೈಲ್ವೆಗಳೂ ಲಾರಿಗಳೂ ಬಂದಮೇಲೆ ಇಂಗ್ಲೆಂಡಿನ ಕಾಲುವೆಗಳು ಹೂಳು ತುಂಬಿ ಸಾಯುತ್ತಿದ್ದ ಕಾಲ ಅದು. ಆ ನೀರಿನ ದಾರಿಗಳಲ್ಲಿ ಸಂಚರಿಸಿ, ದೋಣಿಯಲ್ಲಿಯೇ ಹುಟ್ಟಿ ದೋಣಿಯಲ್ಲಿಯೇ ಮುಪ್ಪಾಗುವ ಜನರ ಬಾಳನ್ನು ಕಂಡು ಅವರು ಬರೆದ ನ್ಯಾರೋ ಬೋಟ್ ಎಂಬ ಪುಸ್ತಕ 1944ರಲ್ಲಿ ಹೊರಬಂದಿತು. ಯುದ್ಧದಿಂದ ಬಳಲಿದ್ದ ಓದುಗರು ಅದನ್ನು ಆದರದಿಂದ ಬರಮಾಡಿಕೊಂಡರು.

ಆ ಪುಸ್ತಕವನ್ನೋದಿ ಅವರನ್ನು ಹುಡುಕಿಕೊಂಡು ಬಂದವರಲ್ಲಿ ರಾಬರ್ಟ್ ಐಕ್‌ಮನ್ ಒಬ್ಬರು. ಇವರಿಬ್ಬರೂ ಚಾರ್ಲ್ಸ್ ಹ್ಯಾಡ್‌ಫೀಲ್ಡ್ ಮೊದಲಾದವರೊಡನೆ ಕೂಡಿ 1946ರಲ್ಲಿ ಒಳನಾಡ ಜಲಮಾರ್ಗಗಳ ಸಂಘವನ್ನು ಕಟ್ಟಿದರು. ರೋಲ್ಟ್ ಅದರ ಗೌರವ ಕಾರ್ಯದರ್ಶಿಗಳಾದರು. ಆದರೆ ಗೆಳೆತನ ಬೇಗನೆ ಹಳಸಿತು. ಒಂದು ಮೈಲಿ ಕಾಲುವೆಯನ್ನೂ ಬಿಟ್ಟುಕೊಡಲಾಗದೆಂಬುದು ಐಕ್‌ಮನ್ ಅವರ ಹಟ. ಉಳಿಸಬಲ್ಲುದನ್ನು ಮೊದಲು ಉಳಿಸಬೇಕು, ಅಲ್ಲಿ ದುಡಿಯುವ ದೋಣಿಕಾರರ ಬದುಕನ್ನು ಮರೆಯಬಾರದೆಂಬುದು ರೋಲ್ಟ್ ಅವರ ನಿಲುವು. 1951ರ ಆರಂಭದಲ್ಲಿ, ತಾವು ಕಟ್ಟಿದ ಸಂಘದಿಂದಲೇ ಅವರು ಹೊರಹಾಕಲ್ಪಟ್ಟರು. ಅದೇ ವರ್ಷ ಆಂಜೆಲಾ ಬೇರೆ ಬಾಳನ್ನು ಅರಸಿ ಹೊರಟುಹೋದರು. ಹನ್ನೆರಡು ವರ್ಷ ಮನೆಯಾಗಿದ್ದ ಕ್ರೆಸ್ಸಿಯ ಮರ ಕೊಳೆತು, ಅದನ್ನೂ ಕೈಬಿಡಬೇಕಾಯಿತು. ಮನೆ, ಮಡದಿ, ಸಂಘ ಮೂರೂ ಒಟ್ಟಿಗೆ ಕಳಚಿದ ಆ ವರ್ಷವೇ ಅವರ ಬಾಳಿನ ಅತ್ಯಂತ ಫಲವತ್ತಾದ ವರ್ಷವಾದುದು ವಿಧಿಯ ವಿಚಿತ್ರ.

ಆ ಕಥೆಗೆ ವೇಲ್ಸಿನ ಕಣಿವೆಗೆ ಹೋಗಬೇಕು. ಕಾರ್ಡಿಗನ್ ಕೊಲ್ಲಿಯ ದಂಡೆಯ ಟವಿನ್ ಎಂಬ ಊರಿನಿಂದ ಅಬರ್‌ಗನೋಲ್ವಿನ್ ಎಂಬ ಹಳ್ಳಿಯ ಕಡೆಗೆ, ಬೆಟ್ಟದ ಪಕ್ಕೆಯನ್ನು ಹಿಡಿದು ಒಂದು ಪುಟ್ಟ ರೈಲುದಾರಿ ಹೋಗುತ್ತದೆ. ಹಳಿಗಳ ನಡುವಿನ ಅಂತರ ಕೇವಲ 2 ಅಡಿ 3 ಅಂಗುಲ. ಬ್ರಿನ್ ಎಗ್ಲುಯಿಸ್ ಗಣಿಯ ಸ್ಲೇಟುಕಲ್ಲನ್ನು ಕಡಲಿನ ಕಡೆಗೆ ಸಾಗಿಸಲೆಂದು ಹಾಕಿದ ಈ ಟಾಲಿಲಿನ್ ರೈಲ್ವೆಗೆ 1865ರಲ್ಲಿ ಪಾರ್ಲಿಮೆಂಟಿನ ಶಾಸನ ದೊರೆತಿತ್ತು. ವೈಟ್‌ಹೇವನ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಎರಡೇ ಉಗಿಬಂಡಿಗಳು, 1864ರ ಟಾಲಿಲಿನ್ ಮತ್ತು 1866ರ ಡೊಲ್ಗೋಖ್, ಎಂಬತ್ತು ವರ್ಷಕ್ಕೂ ಮೇಲ್ಪಟ್ಟು ಆ ದಾರಿಯ ಭಾರವನ್ನೆಲ್ಲ ಹೊತ್ತುವು. 1911ರಲ್ಲಿ ಗಣಿಯನ್ನೂ ರೈಲ್ವೆಯನ್ನೂ ಕೊಂಡ ಸರ್ ಹೆನ್ರಿ ಹೇಡನ್ ಜೋನ್ಸ್, ತಾವು ಬದುಕಿರುವವರೆಗೆ ಬಂಡಿ ನಿಲ್ಲಗೊಡುವುದಿಲ್ಲವೆಂದು ಮಾತು ಕೊಟ್ಟಿದ್ದರು. 1946ರ ಡಿಸೆಂಬರಿನಲ್ಲಿ ಗಣಿ ಕುಸಿದು ಮುಚ್ಚಿತು. 1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರದ ಸ್ವತ್ತಾದಾಗ ಈ ಬಡ ರೈಲ್ವೆಯನ್ನು ಸರಕಾರವೂ ಬೇಕೆನ್ನಲಿಲ್ಲ. ಆದರೂ ಮುದುಕರು ಮಾತಿಗೆ ತಪ್ಪಲಿಲ್ಲ. 1950ನೆಯ ಜುಲೈ 2ರಂದು ಅವರು ತೀರಿಕೊಂಡಾಗ, ರೈಲ್ವೆಯ ಆಯುಸ್ಸೂ ಮುಗಿಯಿತೆಂದೇ ಎಲ್ಲರೂ ಬಗೆದರು.

ಈ ದಾರಿಯನ್ನು ಮೊದಲೇ ಕಂಡು ಮನಸೋತಿದ್ದ ರೋಲ್ಟ್ ಸುಮ್ಮನೆ ಕೂರಲಿಲ್ಲ. ಬಿಲ್ ಟ್ರಿಂಡರ್, ಜಿಮ್ ರಸೆಲ್ ಎಂಬ ಗೆಳೆಯರೊಡನೆ ಕೂಡಿ, 1950ನೆಯ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಇಂಪೀರಿಯಲ್ ಹೋಟೆಲಿನಲ್ಲಿ ಸಭೆ ಕರೆದರು. ಸುಮಾರು ಎಪ್ಪತ್ತು ಮಂದಿ ಬಂದರು. ಟಾಲಿಲಿನ್ ರೈಲ್ವೆ ಸಂರಕ್ಷಣಾ ಸಂಘ ಜನ್ಮ ತಾಳಿತು. ಸರ್ ಹೇಡನ್ ಅವರ ಪತ್ನಿ ಹಿರಿಯ ಮನಸ್ಸಿನಿಂದ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. ಹಳೆಯ ವ್ಯವಸ್ಥಾಪಕರಾದ ಎಡ್ವರ್ಡ್ ಥಾಮಸ್ ಬೆಂಬಲವಿತ್ತರು. ಸ್ವಯಂಸೇವಕರೇ ಸೇರಿ ರೈಲ್ವೆಯೊಂದನ್ನು ಉಳಿಸಿ ನಡೆಸಿದುದು ಜಗತ್ತಿನಲ್ಲಿ ಅದೇ ಮೊದಲು.

ಸಂಘ ಕಟ್ಟುವುದು ಸುಲಭ. ಹಳಿ ಕಟ್ಟುವುದು ಕಷ್ಟ. ಸ್ಲೀಪರು ಮರಗಳು ಕೊಳೆತು ಮಣ್ಣಾಗಿದ್ದುವು. ಎಷ್ಟೋ ಕಡೆ ಹಳಿಗಳನ್ನು ತಮ್ಮ ಜಾಗದಲ್ಲಿ ಹಿಡಿದಿಟ್ಟುದು ಬೆಳೆದುನಿಂತ ಹುಲ್ಲಿನ ಬೇರು ಮಾತ್ರ. ಎರಡು ಉಗಿಬಂಡಿಗಳಲ್ಲಿ ಒಂದು ಓಡುವ ಸ್ಥಿತಿಯಲ್ಲಿರಲಿಲ್ಲ. ಉಳಿದುದು ಡೊಲ್ಗೋಖ್ ಒಂದೇ. ಅದು ಕೆಟ್ಟು ನಿಂತರೆ ರೈಲ್ವೆಯೇ ನಿಂತಂತೆ. ಅಂಥ ಸ್ಥಿತಿಯಲ್ಲಿ ರೋಲ್ಟ್ ವ್ಯವಸ್ಥಾಪಕರ ಹೊಣೆ ಹೊತ್ತರು. 1951ನೆಯ ಮೇ 14ರಂದು, ಹಬ್ಬದ ಸೋಮವಾರ, ಡೊಲ್ಗೋಖ್ ಹೊಗೆಯುಗುಳುತ್ತ ಟವಿನ್ ನಿಲ್ದಾಣದಿಂದ ಹೊರಟಿತು. ಸಂಘದ ಕೈಯಲ್ಲಿ ನಡೆದ ಮೊದಲ ಗಾಡಿ ಅದು.

ಇನ್ನೊಂದು ಬಂಡಿಯಿಲ್ಲದೆ ಗತಿಯಿರಲಿಲ್ಲ. ನೆರೆಯ ಕಣಿವೆಯಲ್ಲಿ ಇದೇ ಅಳತೆಯ ಕಾರಿಸ್ ರೈಲ್ವೆ 1948ರಲ್ಲಿ ಮುಚ್ಚಿಹೋಗಿ, ಅದರ ಎರಡು ಉಗಿಬಂಡಿಗಳು ಮಾರುವವರೂ ಕೊಳ್ಳುವವರೂ ಇಲ್ಲದೆ ನಿಂತಿದ್ದುವು. ಒಂದಕ್ಕೆ 25 ಪೌಂಡಿನಂತೆ ಸಂಘ ಅವೆರಡನ್ನೂ ಕೊಂಡಿತು. ಮೊದಲನೆಯದಕ್ಕೆ ಸರ್ ಹೇಡನ್ ಎಂದೂ ಎರಡನೆಯದಕ್ಕೆ ಎಡ್ವರ್ಡ್ ಥಾಮಸ್ ಎಂದೂ ಹೆಸರಿಟ್ಟರು. ಸರ್ ಹೇಡನನ್ನು ಹಳಿಗೆ ತಂದರೆ ಅದು ನಡುವೆ ಜಾರಿ ನೆಲಕ್ಕಿಳಿಯಿತು. ಸವೆದು ಸಡಿಲವಾದ ಹಳಿಗಳ ಅಂತರ ಅಳತೆಗಿಂತ ತುಸು ಹೆಚ್ಚಾಗಿತ್ತು. ಬಂಡಿಯ ಚಕ್ರದ ಪಟ್ಟಿಯೋ ತೀರ ಕಿರಿದು. ಬಂಡಿಯನ್ನು ಬದುಕಿಸಬೇಕಾದರೆ ದಾರಿಯನ್ನೂ ಬದುಕಿಸಬೇಕೆಂಬ ಪಾಠವನ್ನು ಅದು ಕಲಿಸಿತು.

ಎರಡನೆಯ ಬಂಡಿಯ ವಿಷಯ ಇನ್ನೂ ಮನಮುಟ್ಟುವಂಥದು. ಅದು 1921ರಲ್ಲಿ ತಯಾರಾದುದು ಸ್ಟೋಕ್ ನಗರದ ಕೆರ್ ಸ್ಟುವರ್ಟ್ ಕಾರ್ಖಾನೆಯಲ್ಲಿ, ರೋಲ್ಟ್ ಅಲ್ಲಿಗೆ ಕೆಲಸ ಕಲಿಯಲು ಹೋಗುವುದಕ್ಕೆ ಕೆಲವೇ ವರ್ಷ ಮೊದಲು. ಮುಳುಗಿದ ಆ ಕಾರ್ಖಾನೆಯ ನಕ್ಷೆಗಳು ಲೀಡ್ಸ್ ನಗರದ ಹನ್ಸ್ಲೆಟ್ ಸಂಸ್ಥೆಯ ಪಾಲಿಗೆ ಹೋಗಿದ್ದುವು. ಸಂಘದ ಸದಸ್ಯರೂ ಆಗಿದ್ದ ಆ ಸಂಸ್ಥೆಯ ಮುಖ್ಯಸ್ಥರು ಬಂಡಿಯನ್ನು ಬಿಡಿಸಿ, ಹಣ ಕೇಳದೆ ದುರಸ್ತಿ ಮಾಡಿಸಿಕೊಟ್ಟರು. 1952ರಲ್ಲಿ ಅದು ಕೆಲಸಕ್ಕೆ ನಿಂತಿತು. ತನ್ನ ಕಣ್ಣೆದುರು ಚದುರಿಹೋದ ಕೆಲಸಗಾರರ ಕೈಚಳಕವೊಂದು ಇಪ್ಪತ್ತೆರಡು ವರ್ಷದ ಮೇಲೆ ತನ್ನ ಹೊಣೆಯಲ್ಲಿಯೇ ಮತ್ತೆ ಉಸಿರಾಡಿದುದನ್ನು ಕಾಣುವ ಭಾಗ್ಯ ಎಷ್ಟು ಮಂದಿಗೆ ದೊರೆತೀತು?

ಹಳೆಯ ಬಂಡಿಯನ್ನು ಬಣ್ಣ ಬಳಿದು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರೆ ಸಾಲದೇ ಎಂದು ಕೇಳುವವರುಂಟು. ಸ್ಥಾವರ, ಜಂಗಮಗಳ ಭೇದವನ್ನು ಬಲ್ಲ ಕನ್ನಡಿಗರಿಗೆ ಉತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಗಿಬಂಡಿ ಜಂಗಮ, ನಿಂತರೆ ಅದು ಬರಿಯ ಕಬ್ಬಿಣ. ಅದು ಓಡಬೇಕಾದರೆ ಹೊರಡುವ ಹೊತ್ತಿಗೆ ಎಷ್ಟೋ ಮೊದಲೇ ಒಬ್ಬನೆದ್ದು ಬೆಂಕಿ ಹೊತ್ತಿಸಬೇಕು, ಬಾಯ್ಲರಿನ ನೀರು ನಿಧಾನವಾಗಿ ಕಾಯಬೇಕು, ಒಂದೊಂದು ಕೀಲಿಗೂ ಎಣ್ಣೆ ಬೀಳಬೇಕು. ಒಲೆಯ ಬೂದಿ ಬಳಿಯಬೇಕು, ಕೊಳವೆಗಳ ಮಸಿ ತೆಗೆಯಬೇಕು, ಬಾಯ್ಲರಿನ ಒಳಗೆ ಕಟ್ಟಿದ ಸುಣ್ಣದ ಪದರವನ್ನು ತೊಳೆಯಬೇಕು. ಚಾಲಕನ ಜಾಗದಲ್ಲಿ ನಿಲ್ಲಲು ಹತ್ತು ಮಂದಿ ಮುಂದಾಗುತ್ತಾರೆ. ಮಳೆಯಲ್ಲಿ ಕಳೆ ಕೀಳಲು, ಚರಂಡಿ ತೋಡಲು ಸಿಗುವವನು ಒಬ್ಬ. ಆ ಒಬ್ಬನನ್ನು ಹುಡುಕಿ ಉಳಿಸಿಕೊಳ್ಳುವುದೇ ಇಂಥ ಸಂಘದ ನಿಜವಾದ ಕೆಲಸ. ಗುಮಾಸ್ತರು, ಉಪಾಧ್ಯಾಯರು, ವಿದ್ಯಾರ್ಥಿಗಳು ರಜೆಯ ದಿನಗಳನ್ನು ಅಲ್ಲಿ ಕಳೆದರು. ಮಕ್ಕಳಿಗಾಗಿ ಥಾಮಸ್ ಎಂಬ ಎಂಜಿನ್ನಿನ ಕಥೆಗಳನ್ನು ಬರೆದ ಪಾದ್ರಿ ಆಡ್ರಿ ಅವರು ಸಹ 1952ರಲ್ಲಿ ಅಲ್ಲಿ ಗಾರ್ಡಾಗಿ ಸೇವೆ ಸಲ್ಲಿಸಿದುದುಂಟು.

1951, 1952ರ ಎರಡು ಋತುಗಳನ್ನು ದಡ ಮುಟ್ಟಿಸಿ ರೋಲ್ಟ್ ವ್ಯವಸ್ಥಾಪಕ ಪದವಿಯನ್ನು ಬಿಟ್ಟರು. ಕಾಲುವೆಯ ಸಂಘವನ್ನು ಬಿಟ್ಟಂತೆ ಮನಸ್ತಾಪದಿಂದ ಬಿಟ್ಟುದಲ್ಲ. ಕೆಲಸ ಇತರರ ಕೈಗೆ ಹೊಂದಿಕೊಂಡಿತ್ತು. ಆ ಅನುಭವವನ್ನು 1953ರಲ್ಲಿ ರೈಲ್ವೆ ಅಡ್ವೆಂಚರ್ ಎಂಬ ಪುಸ್ತಕವಾಗಿ ಬರೆದರು. ಸೋನಿಯಾ ಎಂಬವರನ್ನು ಮದುವೆಯಾಗಿ ಸ್ಟ್ಯಾನ್ಲಿ ಪಾಂಟ್‌ಲಾರ್ಜಿನ ಹಳೆಯ ಮನೆಗೆ ಮರಳಿ, ಇಬ್ಬರು ಗಂಡುಮಕ್ಕಳ ತಂದೆಯಾಗಿ, ಲೇಖನಿಯಿಂದಲೇ ಸಂಸಾರ ಸಾಗಿಸಿದರು. 1957ರಲ್ಲಿ ಬ್ರೂನೆಲ್, 1958ರಲ್ಲಿ ಟೆಲ್ಫರ್ಡ್, 1960ರಲ್ಲಿ ಸ್ಟೀವನ್ಸನ್ ತಂದೆಮಕ್ಕಳು, ಹೀಗೆ ಸೇತುವೆ, ರಸ್ತೆ, ರೈಲುಗಳನ್ನು ಕಟ್ಟಿದವರ ಜೀವನಚರಿತ್ರೆಗಳು ಒಂದರ ಹಿಂದೊಂದು ಬಂದುವು. ಅರಸರಿಗೂ ಕವಿಗಳಿಗೂ ಮೀಸಲಾಗಿದ್ದ ಚರಿತ್ರೆಯ ಪೀಠದಲ್ಲಿ ಎಂಜಿನಿಯರನನ್ನು ಕುಳ್ಳಿರಿಸಿದ ಕೀರ್ತಿಯ ಹಿರಿಯ ಪಾಲು ಅವರದು. ಕೈಗಾರಿಕೆಯ ಪ್ರಾಚ್ಯಾವಶೇಷಗಳ ಅಧ್ಯಯನಕ್ಕಾಗಿ 1973ರಲ್ಲಿ ಸಂಘವೊಂದು ಹುಟ್ಟಿದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. 1974ನೆಯ ಮೇ 9ರಂದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ತಮ್ಮ ಹಳ್ಳಿಯಲ್ಲಿ ಕಾಲವಾದರು.

ಅವರಿಲ್ಲದೆಯೂ ಬಂಡಿ ನಿಲ್ಲಲಿಲ್ಲ. 1976ರಲ್ಲಿ ಸ್ವಯಂಸೇವಕರು ಅಬರ್‌ಗನೋಲ್ವಿನಿನಿಂದ ಮುಂದಕ್ಕೆ ನಾಂಟ್ ಗ್ವೆರ್ನೋಲ್‌ವರೆಗೆ ಪ್ರಯಾಣಿಕರ ಗಾಡಿಯನ್ನು ಒಯ್ದರು. 1991ರಲ್ಲಿ ಕೆಲಸಕ್ಕೆ ಬಂದ ಏಳನೆಯ ಉಗಿಬಂಡಿಗೆ ಟಾಮ್ ರೋಲ್ಟ್ ಎಂದೇ ಹೆಸರಿಟ್ಟರು. ಅದೂ ಹೊಸದಾಗಿ ಕೊಂಡುದಲ್ಲ, ಐರ್ಲೆಂಡಿನಲ್ಲಿ ಉರುವಲು ಮಣ್ಣನ್ನು ಸಾಗಿಸಲು 1949ರಲ್ಲಿ ತಯಾರಾಗಿದ್ದ ಬಂಡಿಯ ಭಾಗಗಳಿಂದ ಕಟ್ಟಿದುದು. 2021ರಲ್ಲಿ ಯುನೆಸ್ಕೋ ಸಂಸ್ಥೆ ವೇಲ್ಸಿನ ಸ್ಲೇಟುಗಣಿಗಳ ನಾಡನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಪುಟ್ಟ ರೈಲ್ವೆಯೂ ಅದರಲ್ಲಿ ಸೇರಿತು. ಒಬ್ಬ ಧನಿಕನ ಮಾತಿನ ಮೇಲೆ ನಿಂತಿದ್ದ ದಾರಿ ಅವನ ಸಾವಿನೊಡನೆ ಅಳಿಯಬೇಕಾಗಿತ್ತು. ನೂರಾರು ಮಂದಿಯ ರಜೆಯ ದಿನಗಳ ಮೇಲೆ ನಿಂತುದರಿಂದ ಅದು ತನ್ನನ್ನು ಉಳಿಸಿದವರ ಸಾವನ್ನೂ ದಾಟಿ ಬಂದಿದೆ. ಟವಿನ್ ನಿಲ್ದಾಣದಲ್ಲಿ ಬೆಂಕಿ ಹೊತ್ತಿಸಲು ಮುಂಜಾನೆ ಏಳುವವರಲ್ಲಿ ರೋಲ್ಟ್ ಅವರನ್ನು ಕಣ್ಣಾರೆ ಕಂಡವರು ಇಂದು ವಿರಳ. ಆದರೂ ಬೆಂಕಿ ಹೊತ್ತುತ್ತದೆ.