ವಿಜ್ಞಾನ ಮಂದಿರದ ದಾನಿ

ಬೆಂಗಳೂರಿನ ಮಲ್ಲೇಶ್ವರವನ್ನು ದಾಟಿ ಯಶವಂತಪುರದ ಕಡೆಗೆ ಹೋಗುವವರಿಗೆ ಹೆಮ್ಮರಗಳಿಂದ ತುಂಬಿದ ವಿಶಾಲವಾದ ಆವರಣವೊಂದು ಕಾಣುತ್ತದೆ. ಅದರ ನಡುವೆ ಕಲ್ಲಿನ ಭವ್ಯ ಸೌಧ. ಸೌಧದ ಮುಂದೆ ಒಂದು ಪ್ರತಿಮೆ. ಇದೇ ಭಾರತೀಯ ವಿಜ್ಞಾನ ಸಂಸ್ಥೆ. ಹಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಹುಡುಗನೊಬ್ಬನು ಆ ಪ್ರತಿಮೆಯನ್ನು ನೋಡಿ, ಈ ಮಹನೀಯರು ಈ ಕಟ್ಟಡದಲ್ಲಿ ಎಷ್ಟು ವರ್ಷ ಕೆಲಸ ಮಾಡಿದರೆಂದು ಕೇಳಿದನು. ಅವರು ಇದನ್ನು ಕಣ್ಣಾರೆ ಕಾಣಲೇ ಇಲ್ಲವೆಂದು ನಾನು ಹೇಳಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಆ ಪ್ರತಿಮೆ ಜಮ್‌ಷೆಡ್‌ಜಿ ನಸರ್‌ವಾನ್‌ಜಿ ಟಾಟಾ ಅವರದು.

ಜಮ್‌ಷೆಡ್‌ಜಿಯವರು 1839ನೆಯ ಇಸವಿ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಜನಿಸಿದರು. ಅವರದು ಪಾರ್ಸಿ ಪುರೋಹಿತರ ಮನೆತನ. ತಂದೆ ನಸರ್‌ವಾನ್‌ಜಿಯವರು ಕುಲವೃತ್ತಿಯನ್ನು ಬಿಟ್ಟು ಮುಂಬಯಿಗೆ ಹೋಗಿ ವ್ಯಾಪಾರದಲ್ಲಿ ತೊಡಗಿದ್ದರು. ಮಗನೂ ಅಲ್ಲಿಗೆ ಹೋಗಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1858ರಲ್ಲಿ ತೇರ್ಗಡೆಯಾದರು. ಓದಿನಲ್ಲಿ ಅಂದು ಹುಟ್ಟಿದ ಪ್ರೀತಿ ಕೊನೆಯವರೆಗೂ ಉಳಿಯಿತು. ಬಳಿಕ ತಂದೆಯ ವ್ಯಾಪಾರಕ್ಕಾಗಿ ಹಾಂಗ್‌ಕಾಂಗ್, ಇಂಗ್ಲೆಂಡ್‌ಗಳಲ್ಲಿ ಸಂಚರಿಸಿದರು. ಹತ್ತಿಯ ಬೆಲೆ ಏಕಾಏಕಿ ಕುಸಿದಾಗ ಕಷ್ಟವನ್ನೂ ಕಂಡರು. 1868ರಲ್ಲಿ 21,000 ರೂಪಾಯಿಗಳ ಬಂಡವಾಳದಿಂದ ಸ್ವಂತ ವ್ಯಾಪಾರವನ್ನು ಆರಂಭಿಸಿದರು.

ಆಗ ಬಟ್ಟೆಯ ಗಿರಣಿ ಹಾಕುವವರೆಲ್ಲರೂ ಮುಂಬಯಿಯನ್ನೇ ಆರಿಸಿಕೊಳ್ಳುತ್ತಿದ್ದರು. ಜಮ್‌ಷೆಡ್‌ಜಿಯವರಾದರೋ ಹತ್ತಿ ಬೆಳೆಯುವ ಸೀಮೆಯ ನಡುವಿನಲ್ಲಿದ್ದ ನಾಗಪುರಕ್ಕೆ ಹೋದರು. ಕೊಂಡ ಭೂಮಿ ಜೌಗುನೆಲ. ಅದನ್ನು ಮಣ್ಣಿನಿಂದ ತುಂಬಿಸುತ್ತಿದ್ದುದನ್ನು ಕಂಡು, ಈ ಮನುಷ್ಯ ಹೊನ್ನನ್ನು ಹೊಂಡದಲ್ಲಿ ಹೂಳುತ್ತಿದ್ದಾನೆಂದು ನಕ್ಕವರುಂಟು ಎಂದು ಹೇಳುತ್ತಾರೆ. 1877ರ ಜನವರಿ 1ರಂದು ಅಲ್ಲಿ ಎಂಪ್ರೆಸ್ ಗಿರಣಿ ಪ್ರಾರಂಭವಾಯಿತು. ಕೆಲಸಗಾರರಿಗೆ ಪಿಂಚಣಿ ನಿಧಿಯ ಏರ್ಪಾಡು ಅಲ್ಲಿ 1886ರಲ್ಲಿಯೇ ಆಯಿತು. ಕಾನೂನು ಅದನ್ನು ಕಡ್ಡಾಯ ಮಾಡಿದ್ದು ಸ್ವಾತಂತ್ರ್ಯ ಬಂದ ಮೇಲೆ ಎಂಬುದನ್ನು ನೆನೆದರೆ ಅವರ ದೂರದೃಷ್ಟಿ ಎಂತಹುದೆಂದು ತಿಳಿಯುತ್ತದೆ.

ಗಿರಣಿಯ ಯಂತ್ರಗಳು ಹಡಗಿನಲ್ಲಿ ಬರುತ್ತಿದ್ದವು. ಅವುಗಳನ್ನು ಜೋಡಿಸುವ ತಜ್ಞರೂ ಹಡಗಿನಲ್ಲೇ ಬರಬೇಕಾಗಿತ್ತು. ಈ ಸಂಗತಿ ಜಮ್‌ಷೆಡ್‌ಜಿಯವರ ಮನಸ್ಸನ್ನು ಕೊರೆಯತೊಡಗಿತು. 1892ರಲ್ಲಿ ಅವರು ಒಂದು ನಿಧಿಯನ್ನು ಸ್ಥಾಪಿಸಿ, ಪ್ರತಿಭಾವಂತ ತರುಣರು ವಿದೇಶಕ್ಕೆ ಹೋಗಿ ಉನ್ನತ ಶಿಕ್ಷಣ ಪಡೆಯಲು ನೆರವಾದರು. ಆದರೆ ಕೆಲವೇ ಮಂದಿ ಹೊರಗೆ ಹೋಗಿ ಕಲಿತು ಬಂದರೆ ಸಾಲದು, ಸಂಶೋಧನೆ ನಡೆಯುವ ಸ್ಥಳ ನಮ್ಮ ನೆಲದಲ್ಲಿಯೇ ಇರಬೇಕೆಂದು ಅವರಿಗೆ ತೋರಿತು. ಅಂದಿನ ನಮ್ಮ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿಗಳಾಗಿದ್ದವು.

1893ರಲ್ಲಿ ಜಪಾನಿನಿಂದ ಅಮೆರಿಕ ಖಂಡಕ್ಕೆ ಹೊರಟ ಹಡಗಿನಲ್ಲಿ ಜಮ್‌ಷೆಡ್‌ಜಿಯವರಿಗೆ ಸ್ವಾಮಿ ವಿವೇಕಾನಂದರ ಸಹಪ್ರಯಾಣದ ಅವಕಾಶ ದೊರೆಯಿತು. ಐದು ವರ್ಷಗಳ ತರುವಾಯ, ತಮ್ಮ ಯೋಜನೆಗೆ ಸ್ವಾಮೀಜಿಯವರ ನೆರವನ್ನು ಬಯಸಿ ಅವರು ಪತ್ರ ಬರೆದರು. ಅದೇ 1898ರಲ್ಲಿ ಅವರ ಸಂಕಲ್ಪ ಬಹಿರಂಗವಾಯಿತು. ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನೂ ನಿವೇಶನಗಳನ್ನೂ ಅವರು ಸಂಶೋಧನಾ ವಿದ್ಯಾಲಯಕ್ಕಾಗಿ ಕೊಡಲು ಮುಂದಾದರು. ಅವುಗಳ ಬೆಲೆ 30 ಲಕ್ಷ ರೂಪಾಯಿ. ಒಂದೆರಡು ರೂಪಾಯಿಗಳಲ್ಲಿ ಸಂಸಾರದ ಸಂತೆ ಮುಗಿಯುತ್ತಿದ್ದ ಕಾಲದ 30 ಲಕ್ಷ ಅದು! ಬರ್ಜೋರ್‌ಜಿ ಪಾದಶಾ ಎಂಬ ವಿದ್ವಾಂಸರನ್ನು ಅವರು ಪಾಶ್ಚಾತ್ಯ ದೇಶಗಳಿಗೆ ಕಳುಹಿಸಿ ಅಲ್ಲಿನ ವಿದ್ಯಾಲಯಗಳ ವ್ಯವಸ್ಥೆಯನ್ನು ಅಧ್ಯಯನ ಮಾಡಿಸಿದರು.

ಹಣ ಕೊಡುವುದು ಸುಲಭವಾಯಿತು. ಕೊಟ್ಟ ಹಣವನ್ನು ಸರ್ಕಾರ ಒಪ್ಪಿಕೊಳ್ಳುವಂತೆ ಮಾಡುವುದು ಕಷ್ಟವಾಯಿತು. 1898ರ ಡಿಸೆಂಬರ್ 31ರಂದು, ಆಗತಾನೆ ಭಾರತಕ್ಕೆ ಬಂದಿಳಿದಿದ್ದ ವೈಸರಾಯ್ ಲಾರ್ಡ್ ಕರ್ಜನ್ನರ ಮುಂದೆ ಯೋಜನೆಯನ್ನು ಇಟ್ಟಾಗ ಅವರು ಸಂದೇಹಗಳನ್ನೇ ಎತ್ತಿದರು. ಇಷ್ಟು ಉನ್ನತವಾದ ವ್ಯಾಸಂಗಕ್ಕೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಕ್ಕುವರೇ? ಸಿಕ್ಕರೂ ಕಲಿತ ಮೇಲೆ ಅವರಿಗೆ ಉದ್ಯೋಗವೆಲ್ಲಿ? ಪ್ರಶ್ನೆಗಳು ಅರ್ಥವಿಲ್ಲದವಲ್ಲ, ಆದರೆ ನೀರಿಗಿಳಿಯುವ ಮೊದಲೇ ಈಜು ಬರಬೇಕೆನ್ನುವ ರೀತಿಯವು. ಯೋಜನೆಯನ್ನು ಪರಿಶೀಲಿಸಲು ಇಂಗ್ಲೆಂಡಿನ ಪ್ರಸಿದ್ಧ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಅವರನ್ನು ಕರೆಸಲಾಯಿತು. ಅವರು ದೇಶದಲ್ಲಿ ಸಂಚರಿಸಿ, ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಅನಂತರ ಸರ್ಕಾರ ಮ್ಯಾಸನ್ ಮತ್ತು ಕ್ಲಿಬರ್ನ್ ಎಂಬಿಬ್ಬರ ಸಮಿತಿಯನ್ನು ನೇಮಿಸಿತು. ವರದಿಯ ಮೇಲೆ ವರದಿ, ಕಾಗದದ ಮೇಲೆ ಕಾಗದ, ವರ್ಷಗಳು ಉರುಳಿದವು.

ಬೆಂಗಳೂರು ಏಕೆ? ಹವೆ ಹಿತಕರವಾಗಿತ್ತು ನಿಜ. ಅದಕ್ಕಿಂತ ಮಿಗಿಲಾಗಿ ಮೈಸೂರು ಸಂಸ್ಥಾನ ಕೈಚಾಚಿ ಕರೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರು ಈ ಯೋಜನೆಯ ಬೆಲೆಯನ್ನು ಬಲ್ಲವರಾಗಿದ್ದರು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗೆ ಒಯ್ಯುವ ಸಾಹಸವೂ ಅವರ ಕಾಲದ ಯೋಜನೆಯೇ; 1902ರಲ್ಲಿ ಅದು ಕೈಗೂಡಿತು. ಜಮ್‌ಷೆಡ್‌ಜಿಯವರಿಗೂ ಬೆಂಗಳೂರು ಹೊಸದಲ್ಲ. ಮೈಸೂರು ಸೀಮೆಯ ರೇಷ್ಮೆ ಕಸುಬು ಕುಗ್ಗುತ್ತಿದ್ದುದನ್ನು ಕಂಡು, ಜಪಾನಿನ ತಜ್ಞರನ್ನು ಕರೆಸಿ ಅವರು ಇಲ್ಲಿ ರೇಷ್ಮೆಯ ಕೃಷಿಕ್ಷೇತ್ರವನ್ನು ನಡೆಸಿದ್ದರು. ನಗರದ ದಕ್ಷಿಣ ಭಾಗದಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಆದರೆ ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡರು. ಜಮ್‌ಷೆಡ್‌ಜಿಯವರ ಆರೋಗ್ಯವೂ ಕೆಡುತ್ತ ಬಂದಿತು. 1904ರ ಮೇ 19ರಂದು ಅವರು ಜರ್ಮನಿಯ ಬಾಡ್ ನೌಹೈಮ್ ಎಂಬ ಊರಿನಲ್ಲಿ ಕೊನೆಯುಸಿರೆಳೆದರು. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತು, ವಿಜ್ಞಾನ ಸಂಸ್ಥೆ ಎಂಬ ಅವರ ಮೂರು ದೊಡ್ಡ ಕನಸುಗಳಲ್ಲಿ ಒಂದೂ ಅಂದಿಗೆ ನನಸಾಗಿರಲಿಲ್ಲ.

ದಾನವು ಇನ್ನೂ ಕಾನೂನಿನ ರೂಪ ಪಡೆದಿರಲಿಲ್ಲ. ಆರು ವರ್ಷ ಕಾದರೂ ಸರ್ಕಾರ ತೀರ್ಮಾನಕ್ಕೆ ಬಂದಿಲ್ಲವೆಂದು ಹೇಳಿ ಮಕ್ಕಳು ಆಸ್ತಿಯನ್ನು ಉಳಿಸಿಕೊಂಡಿದ್ದರೆ ಅವರನ್ನು ದೂರುವವರು ಕಡಿಮೆಯಾಗಿರುತ್ತಿದ್ದರು. ದೋರಾಬ್‌ಜಿ ಮತ್ತು ರತನ್‌ಜಿ ಹಾಗೆ ಮಾಡಲಿಲ್ಲ. ತಂದೆ ಕೊಡಲು ಒಪ್ಪಿದ್ದನ್ನು ಕೊಟ್ಟೇ ತೀರುವೆವೆಂದು ನಿಂತರು. ನನ್ನ ಎಣಿಕೆಯಲ್ಲಿ ಈ ಕಥೆಯ ಅರ್ಧ ಪುಣ್ಯ ಆ ಮಕ್ಕಳಿಗೆ ಸೇರತಕ್ಕದ್ದು. ರಾಮ್ಸೆಯವರ ಸಹೋದ್ಯೋಗಿಯಾಗಿದ್ದ ಮಾರಿಸ್ ಟ್ರಾವರ್ಸ್ ಅವರು 1906ರಲ್ಲಿ ಮೊದಲ ನಿರ್ದೇಶಕರಾಗಿ ಬಂದರು. 1907ರಲ್ಲಿ ಮೈಸೂರು ಸರ್ಕಾರ 371 ಎಕರೆ ಭೂಮಿಯನ್ನು ಉಚಿತವಾಗಿ ನೀಡಿತು. ಕಟ್ಟಡಗಳಿಗೆಂದು 5 ಲಕ್ಷ ರೂಪಾಯಿಗಳನ್ನೂ ಕೊಟ್ಟಿತು. 1909ರ ಮೇ 27ರಂದು ಭಾರತ ಸರ್ಕಾರದ ಆಜ್ಞೆ ಹೊರಟಿತು. 1911ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ಜುಲೈ 24ರಂದು ಮೊದಲ ತಂಡದ ವಿದ್ಯಾರ್ಥಿಗಳು ಒಳಗೆ ಅಡಿಯಿಟ್ಟರು. ರಸಾಯನ ವಿಜ್ಞಾನ ಮತ್ತು ವಿದ್ಯುತ್ ತಂತ್ರವಿದ್ಯೆ ಅಲ್ಲಿನ ಮೊದಲ ಪಾಠಗಳು.

ಕರ್ಜನ್ನರ ಪ್ರಶ್ನೆಗೆ ಉತ್ತರ ಬಹುಬೇಗ ದೊರೆಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ, ಎಣ್ಣೆ ತೆಗೆಯಲು ಯೂರೋಪಿಗೆ ಹೋಗುತ್ತಿದ್ದ ನಮ್ಮ ಶ್ರೀಗಂಧದ ಕೊರಡುಗಳು ಇಲ್ಲಿಯೇ ಉಳಿದವು; ಸಂಸ್ಥಾನದ ಬೊಕ್ಕಸಕ್ಕೆ ಪೆಟ್ಟು ಬಿದ್ದಿತು. ಆಗ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಕ್ರಮವನ್ನು ಪ್ರಯೋಗದಿಂದ ಸಿದ್ಧಪಡಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳದ ಹಿಂದೆ ಈ ಪ್ರಯೋಗಶಾಲೆಯ ದುಡಿಮೆಯೂ ಇದೆ.

ಮುಂದೆ ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಂಡಿತು. 1933ರಲ್ಲಿ ಚಂದ್ರಶೇಖರ ವೆಂಕಟರಾಮನ್ ಅವರು ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ನಿವೃತ್ತಿಯ ಬಳಿಕ ನಗರದಲ್ಲಿಯೇ ತಮ್ಮದೊಂದು ಸಂಶೋಧನಾಲಯವನ್ನು ಕಟ್ಟಿದರು. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದಿತು. ಎರಡು ವರ್ಷಗಳಲ್ಲಿ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಸತೀಶ್ ಧವನ್ ಅವರು ಇಲ್ಲಿ ನಿರ್ದೇಶಕರಾಗಿದ್ದಾಗಲೇ, 1972ರಲ್ಲಿ, ಬಾಹ್ಯಾಕಾಶ ಸಂಶೋಧನೆಯ ಹೊಣೆಯನ್ನೂ ಹೊತ್ತರು. 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಸಂಸ್ಥೆಗೆ ಅನತಿದೂರದ ಪೀಣ್ಯದ ಷೆಡ್ಡುಗಳಲ್ಲಿ.

ಸಂಸ್ಥೆಗೆ ತಮ್ಮ ಹೆಸರಿಡುವುದು ಜಮ್‌ಷೆಡ್‌ಜಿಯವರಿಗೆ ಬೇಕಿರಲಿಲ್ಲ. ಕಾಗದಪತ್ರಗಳಲ್ಲಿ ಅದು ಇಲ್ಲವೂ ಇಲ್ಲ. ಬೆಂಗಳೂರಿನ ಜನ ಮಾತ್ರ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿದ್ದಾರೆ.