ಪಾಟರ್ ಮನೆಯ ಮೊಲ

ಬಿಯಾಟ್ರಿಕ್ಸ್ ಪಾಟರ್ 1866ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಶಾಲೆಗೆ ಹೋಗದೆ ಮನೆಯಲ್ಲೇ ಕಲಿತ ಅವರಿಗೆ ಸಾಕುಪ್ರಾಣಿಗಳೇ ಗೆಳೆಯರು. ಅವರ ಮೊಲ ಬೆಂಜಮಿನ್‌ಗೆ ಬೆಣ್ಣೆ ಸವರಿದ ಬಿಸಿ ಟೋಸ್ಟ್ ಎಂದರೆ ಪ್ರಾಣ. 1890ರಲ್ಲಿ ಅದನ್ನು ನೋಡಿ ಬಿಡಿಸಿದ ಚಿತ್ರಗಳು ಮಾರಾಟವಾದ ಖುಷಿಗೆ ಕಪ್ ತುಂಬ ಹೆಂಪ್ ಬೀಜ ತಿನ್ನಿಸಿದರು. ಮರುದಿನ ಮೊಲ ಅಮಲೇರಿದಂತೆ ಆಡಿತು!

ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ತಾವೇ 250 ಪ್ರತಿ ಅಚ್ಚು ಹಾಕಿಸಿದ ಪೀಟರ್ ಮೊಲದ ಕಥೆ ಮುಂದೆ ಜಗತ್ಪ್ರಸಿದ್ಧವಾಯಿತು. ಅದರಲ್ಲಿ ಪೀಟರ್ ತೋಟಕ್ಕೆ ನುಗ್ಗಿ, ಅತಿಯಾಗಿ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾನೆ. ಪಾಟರ್ 1943ರಲ್ಲಿ ತೀರಿಕೊಂಡರು.

ಅಕ್ಕರೆಯಿಂದ ಬಿಸ್ಕತ್ತು ತಿನ್ನಿಸಿ ನಾನೂ ನನ್ನ ಮೊಲವನ್ನು ಕಾಯಿಲೆ ಬೀಳಿಸಿದ್ದೆ. ಮೊಲದ ಹಲ್ಲು ಬದುಕಿಡೀ ಬೆಳೆಯುತ್ತದೆ. ಅದು ಸವೆಯಲು, ಕರುಳು ಸರಿಯಾಗಿರಲು ಹುಲ್ಲೇ ಮುಖ್ಯ ಆಹಾರವಾಗಬೇಕು. ಈಗ ಕಾಲೇಜಿಗೆ ಹೊರಡುವ ಮುನ್ನ ಮೊದಲು ಹುಲ್ಲು, ನೀರು ಇಡುತ್ತೇನೆ.